ಸೀರೆ ಉಟ್ಟ ಪುಸ್ತಕಗಳು

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋ ಇದೆ. ಹೊಸದಾಗಿ ಬಂದವರು ಅದನ್ನು ನೋಡಿ ದನಿ ತಗ್ಗಿಸಿ, "ನಿಮ್ಮ ಮನಿಯವ್ರಾ?" ಎಂದು ಕೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಅದರಲ್ಲಿರುವ ಹೆಂಗಸು ನನ್ನ ಹೆಂಡತಿಯಲ್ಲ. ಮೂಗು ಆಕೆಯದು, ಗದ್ದ ಆಕೆಯದು. ಕಣ್ಣುಗಳು ಒಬ್ಬ ಪೇಂಟರು ಬ್ರಶ್ಶು ಹಿಡಿದು ಬರೆದವು. ಅವು ಯಾರ ಕಣ್ಣೋ, ಆ ಪೇಂಟರಿಗೇ ಗೊತ್ತು.

ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ಏಕೆಂದರೆ ಇದೇ ಮನೆಯಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲಿಯವೋ ಸಾವಿರಾರು ಮುಖಗಳಿದ್ದವು. ನಾನು ಹಳೆಯ ಫೋಟೋಗ್ರಫಿ ಪುಸ್ತಕಗಳನ್ನು ಕೂಡಿಸುತ್ತಿದ್ದೆ. ಮುಖಚಿತ್ರಗಳ ಪುಸ್ತಕ, ನಗ್ನಚಿತ್ರಗಳ ಪುಸ್ತಕ, ಎರಡೇ ಬಗೆ. ಗುಡ್ಡ, ಹೊಳೆ, ಹುಲಿ, ಸೂರ್ಯಾಸ್ತ ಯಾವುದೂ ನನಗೆ ಬೇಕಿರಲಿಲ್ಲ. ಜರ್ಮನಿಯ ಯಾವುದೋ ಊರಿನ ಕಮ್ಮಾರನ ಹಣೆಯಲ್ಲಿ ಎಷ್ಟು ಗೆರೆ ಇವೆ ಎಂದು ಕೇಳಿದ್ದರೆ ನಾನು ಕಣ್ಣುಮುಚ್ಚಿ ಹೇಳುತ್ತಿದ್ದೆ. ಅಂಥವನ ಬಳಿ ಕಟ್ಟಿಕೊಂಡ ಹೆಂಡತಿಯ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ನನ್ನಂಥವನನ್ನು ನೋಡಿಯೇ ಆ ಮಾತು ಹುಟ್ಟಿರಬೇಕು.

ನಾನು ಡ್ರಾಯಿಂಗ್ ಮಾಸ್ತರ. ಎಂಬತ್ತರ ದಶಕದ ಮೊದಲಿಗೆ ಕಮಲಾಪುರದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು. ಸೋಮವಾರದಿಂದ ಶನಿವಾರದವರೆಗೆ ಅಲ್ಲಿ ಬಾಡಿಗೆ ಕೋಣೆ, ಭಾನುವಾರ ಬಸ್ಸು ಹತ್ತಿ ಕಲಬುರಗಿಗೆ, ತಾಯಿಯ ಬಳಿಗೆ. ಒಂದು ಭಾನುವಾರ ನೆಹರು ಗಂಜಿನಲ್ಲಿ ಹುರಿದ ಶೇಂಗಾ ಕೊಂಡೆ. ತಿಂದು ಮುಗಿಸಿ ಪೊಟ್ಟಣದ ಕಾಗದ ಎಸೆಯುವ ಮುಂಚೆ ಬಿಡಿಸಿ ನೋಡಿದೆ. ಒಬ್ಬ ಹೆಂಗಸಿನ ಬೆನ್ನು. ಬರೀ ಬೆನ್ನು, ಮೈಮೇಲೆ ಎಳೆ ದಾರವಿಲ್ಲ. ಬೆನ್ನುಹುರಿಯ ಉದ್ದಕ್ಕೂ ಬೆಳಕು ಇಳಿದಿತ್ತು. ಐದು ವರ್ಷ ಕಲಾಶಾಲೆಯಲ್ಲಿ ಇದ್ದಿಲು ಹಿಡಿದು ತಿಕ್ಕಿದರೂ ನನಗೆ ಬಾರದಿದ್ದ ನೆರಳು ಆ ಎಣ್ಣೆ ಹತ್ತಿದ ಕಾಗದದಲ್ಲಿ ಇತ್ತು.

ಶೇಂಗಾದವನನ್ನು ಹಿಡಿದೆ. ಅವನು ತೊಗರಿ ಅಡತಿ ಅಂಗಡಿಗಳ ಹಿಂದಿನ ಓಣಿಯ ರದ್ದಿ ಅಂಗಡಿ ತೋರಿಸಿದ. ಅಲ್ಲಿನ ರದ್ದಿ ಸಾಹೇಬರು ಗೋಣಿಚೀಲದ ಮೇಲೆ ಕೂತು ಆ ಪುಸ್ತಕವನ್ನೇ ಒಂದೊಂದು ಹಾಳೆಯಾಗಿ ಹರಿಯುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ಏ, ನಿಲ್ಲಸ್ರಿ! ಕೈಗೇನು ಕುಷ್ಠ ಹತ್ತ್ಯಾದೇನು?" ಎಂದು ಕೂಗಿದೆ. ಅವರು ಗಾಬರಿಯಾಗದೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅರೇ ಮಾಸ್ತರ್ ಸಾಬ್, ಇದು ಬೇಶರಮ್ ಕಿತಾಬ್ ಅದ. ನಿಮ್ಮಂಥಾ ಆಚಾರ್ ಮಂದಿಗಿ ಯಾಕ ಬೇಕು?" ಎಂದರು. ನನ್ನ ಹಣೆಯ ಮೇಲಿನ ಅಂಗಾರದ ಕಪ್ಪು ಗೆರೆಗೆ ಅವರ ಕಣ್ಣು ನೆಟ್ಟಿತ್ತು. ಮೂವತ್ತೊಂದು ಹಾಳೆ ಉಳಿದಿದ್ದವು. ಅಷ್ಟನ್ನೇ ಎದೆಗವಚಿಕೊಂಡು ಬಂದೆ.

ಆಮೇಲೆ ಸಾಹೇಬರೂ ನಾನೂ ದೋಸ್ತರಾದೆವು. ಹೈದರಾಬಾದ್ ಸಂಸ್ಥಾನದ ಕಾಲದ ಅಧಿಕಾರಿಗಳ ಬಂಗಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮುದುಕರು ಸತ್ತರೆ ಮಕ್ಕಳು ಕಪಾಟಿನ ಪುಸ್ತಕಗಳನ್ನು ತಕ್ಕಡಿಗೆ ಹಾಕಿಬಿಡುತ್ತಿದ್ದರು. ಚಿತ್ರದ ದೊಡ್ಡ ಪುಸ್ತಕ ಬಂದರೆ ಸಾಹೇಬರು ನನಗಾಗಿ ಗೋಣಿಚೀಲದ ಕೆಳಗೆ ಇಡುತ್ತಿದ್ದರು. "ಆವೋ ಮಾಸ್ತರ್, ನಿಮ್ಮ ಬೀಗರು ಬಂದಾರ, ಮೈಮ್ಯಾಲ ಕಪಡಾ ಇಲ್ಲ, ಲಗೂನ ಕರಕೊಂಡ ಹೋಗ್ರಿ" ಎಂದು ಚಾಷ್ಟಿ ಮಾಡುತ್ತಿದ್ದರು. ಪುಸ್ತಕ ಕೈಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಹಾಳೆ ಎಣಿಸುವುದು. ನಗ್ನಚಿತ್ರಗಳ ಪುಸ್ತಕ ಪೂರ್ತಿ ಸಿಗುವುದು ಅಪರೂಪ. ಯಾರೋ ಪುಣ್ಯಾತ್ಮರು ಬ್ಲೇಡಿನಿಂದ ಒಳ್ಳೆಯ ಹಾಳೆಗಳನ್ನು ಕೊಯ್ದಿರುತ್ತಾರೆ, ಇಲ್ಲವೆ ಎದೆಯ ಮೇಲೆ ಮಸಿ ಬಳಿದಿರುತ್ತಾರೆ. ಕೊಯ್ದವನನ್ನಾದರೂ ಕ್ಷಮಿಸಬಹುದು, ಅವನಿಗೆ ಏನೋ ಬೇಕಾಗಿತ್ತು. ಮಸಿ ಬಳಿದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನನಗೊಂದು ನಿಯಮವಿತ್ತು. ನೋಡದೆ ಮಾತಾಡಬಾರದು. ಒಂದು ಚಿತ್ರದ ಎದುರು ಕೂತು ಅದು ತಾನಾಗಿ ಮಾತು ತೆಗೆಯುವವರೆಗೆ ಕಾಯಬೇಕು. ಆಮೇಲೆ ಬೇಕಾದರೆ ಚಲೋ ಅನ್ನು, ಬೇಕಾದರೆ ಹೊಲಸು ಅನ್ನು. ಶಾಲೆಯಲ್ಲಿ ಹುಡುಗರಿಗೆ ಇದನ್ನೇ ಹೇಳಿ ತಲೆ ತಿನ್ನುತ್ತಿದ್ದೆ. ಈ ನಿಯಮವನ್ನು ನಾನು ಬದುಕಿನಲ್ಲಿ ಎರಡು ಸಲ ಮುರಿದಿದ್ದೇನೆ. ಈ ಬರಹ ಆ ಎರಡು ಸಲದ ಬಗ್ಗೆಯೇ.

ಮದುವೆಯಾಯಿತು. ಹುಡುಗಿ ಆಳಂದ ಕಡೆಯ ಪುರಾಣಿಕರ ಮಗಳು. ಕಪ್ಪು ಬಣ್ಣ, ಉದ್ದ ಮುಖ, ನಗುವಾಗ ಎಡಗಣ್ಣು ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಇದನ್ನು ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆಗ ಯಾರಾದರೂ ಕೇಳಿದ್ದರೆ ಯಾವ ಕಣ್ಣು ಎಂದು ಹೇಳಲು ನನಗೆ ಆಗುತ್ತಿರಲಿಲ್ಲ. ಮದುವೆಯ ದಿನ ಒಂದು ಫೋಟೋ ತೆಗೆದರು. ಅದರಲ್ಲಿ ಆಕೆ ತಲೆ ತಗ್ಗಿಸಿದ್ದಾಳೆ, ಕಟ್ಟಿದ ಬಾಸಿಂಗ ಹಣೆಯ ಅರ್ಧ ನುಂಗಿದೆ, ಕಣ್ಣು ಕೆಳಗೆ. ವಧು ಎಂದರೆ ಹಾಗೆಯೇ ನಿಲ್ಲಬೇಕು ಎಂದು ಹಿರಿಯರು ಗದರಿದ್ದರು.

ಕಮಲಾಪುರದಲ್ಲಿ ಮನೆ ಮಾಡಿದೆವು. ಪುಸ್ತಕಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು, ಬೀಗ ಹಾಕಿ. ಆದರೆ ಹೊಸ ಹೆಂಡತಿ ಇರುವ ಮನೆಯಲ್ಲಿ ಬೀಗ ಎಷ್ಟು ದಿನ? ಒಂದು ಸಂಜೆ ಶಾಲೆಯಿಂದ ಬಂದರೆ ಆಕೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಸುತ್ತ ಪುಸ್ತಕಗಳು ತೆರೆದು ಬಿದ್ದಿವೆ. ಇವತ್ತೇ ತವರಿಗೆ ಹೊರಡುತ್ತಾಳೆ ಎಂದುಕೊಂಡೆ.

"ಇವ್ರೆಲ್ಲಾ ಯಾರ್ರೀ?" ಎಂದಳು.

"ಯಾರೂ ಅಲ್ಲ. ಚಿತ್ರ. ಕಲಾ ಅದು" ಎಂದು ತೊದಲಿದೆ.

"ಕಲಾ ಗಿಲಾ ನನಗ ತಿಳಿಯಂಗಿಲ್ಲ. ಇಲ್ಲಿ ನೋಡ್ರಿ, ಈ ಮುದುಕಿಗಿ ಚಳಿ ಆಗಾಕತ್ತದ."

ಅದು ಐವತ್ತರ ದಶಕದ್ದೊಂದು ಪುಸ್ತಕ, ನುಣುಪಾದ ಆರ್ಟ್ ಪೇಪರಿನದು. ಆ ಹಾಳೆಯಲ್ಲಿ ಒಬ್ಬ ಮುದುಕಿ ಬರಿಮೈಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾಳೆ. ನಾನು ಆ ಚಿತ್ರವನ್ನು ನೂರು ಸಲ ನೋಡಿದ್ದೆ. ನೆರಳು ನೋಡಿದ್ದೆ, ಕುರ್ಚಿಯ ಗೆರೆ ನೋಡಿದ್ದೆ, ಜೋತುಬಿದ್ದ ಚರ್ಮದ ಮೇಲಿನ ಬೂದು ಬಣ್ಣವನ್ನು ಹೊಗಳಿದ್ದೆ. ಕಾಲಿನ ಬೆರಳುಗಳು ಒಂದರ ಮೇಲೊಂದು ಮಡಚಿಕೊಂಡಿರುವುದು ನನಗೆ ಕಂಡಿರಲಿಲ್ಲ. ನನ್ನ ಹೆಂಡತಿ ಅದನ್ನು ಒಂದೇ ಸಂಜೆಯಲ್ಲಿ ಕಂಡಳು. ಹೌದು, ಮುದುಕಿಗೆ ಚಳಿಯಾಗುತ್ತಿತ್ತು.

ಆ ವಾರವೇ ಆಕೆ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ಪುಸ್ತಕಗಳಿಗೆಲ್ಲ ಅರಿವೆಯ ಹೊದಿಕೆ ಹೊಲಿದಳು. ಚೌಕಾಗಿ ಮಡಚಿ, ಮೇಲೊಂದು ಗಂಟು. ಮುದುಕಿಯ ಪುಸ್ತಕಕ್ಕೆ ನೀಲಿ ಅಂಚಿನ ತುಂಡು. "ಏನ್ ಮಾಡಾಕತ್ತಿ?" ಎಂದು ಕೇಳಿದರೆ, "ಬತ್ತಲ ಕೂತಾರಲ್ರೀ ಪಾಪ, ಅರಿವಿ ಉಡಸಾಕತ್ತೀನಿ" ಎಂದಳು. ಧೂಳಿಗೂ ಒಳ್ಳೆಯದು, ನೆಂಟರ ಕಣ್ಣಿಗೂ ಒಳ್ಳೆಯದು ಎಂದು ನಾನು ಸುಮ್ಮನಾದೆ. ಆಮೇಲೆ ಪ್ರತಿ ಸಂಜೆ ಒಂದು ಗಂಟು ಬಿಚ್ಚಿ ಇಬ್ಬರೂ ನೋಡುತ್ತಿದ್ದೆವು. ಈ ಮನುಷ್ಯ ಸುಳ್ಳ ಹೇಳಾಂವ, ಈಕಿ ಈಗಷ್ಟ ಅತ್ತು ಬಂದಾಳ, ಈ ಹುಡುಗಿಗಿ ಫೋಟೋ ತೆಗೆಯಾಂವ ಸೇರಂಗಿಲ್ಲ ಎಂದು ಆಕೆ ಹೇಳುತ್ತಾ ಹೋಗುತ್ತಿದ್ದಳು. ಹತ್ತರಲ್ಲಿ ಒಂಬತ್ತು ನಿಜ. ನನಗೆ ಖುಷಿಯೂ ಆಗುತ್ತಿತ್ತು, ಒಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ತನ್ನದೊಂದು ಫೋಟೋ ಬೇಕು ಎಂದು ಆಕೆ ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಕಮಲಾಪುರದ ಬಸ್‌ಸ್ಟ್ಯಾಂಡಿನ ಬಳಿ ಒಂದು ಸ್ಟುಡಿಯೋ ಇತ್ತು. ನಾನು ಆ ಕಡೆ ಮೂಗು ಮುರಿಯುತ್ತಿದ್ದೆ. "ಅವರು ಫೋಟೋ ತಗಿಯಂಗಿಲ್ಲ, ಮುಖಕ್ಕ ಸುಣ್ಣ ಬಳೀತಾರ. ಹೈದರಾಬಾದಿಗಿ ಕರಕೊಂಡ ಹೋಗ್ತೀನಿ, ಚಲೋ ಸ್ಟುಡಿಯೋದಾಗ ತಗಸೋಣು" ಎನ್ನುತ್ತಿದ್ದೆ. ಹೈದರಾಬಾದಿಗೆ ನಾನು ಹೋದದ್ದು ಹತ್ತಾರು ಸಲ, ಫುಟ್‌ಪಾತಿನ ಪುಸ್ತಕ ಹುಡುಕಲು. ಆಕೆಯನ್ನು ಕರೆದುಕೊಂಡು ಹೋದದ್ದು ಒಮ್ಮೆಯೂ ಇಲ್ಲ.

ಒಂದು ಸಂಜೆ ಆಕೆ ತಲೆಗೆ ಎರೆದುಕೊಂಡು ಹೊಸ್ತಿಲ ಬಳಿ ಕೂತಿದ್ದಳು. ಮುಂದೆ ಬುಟ್ಟಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ನಾನು ಹೊಸದಾಗಿ ಸಿಕ್ಕ ಪುಸ್ತಕದಲ್ಲಿ ಹಾಳೆ ಎಣಿಸುತ್ತಿದ್ದೆ. ಆಕೆ ಕೇಳಿದಳು:

"ಹಿಂಗ ಕೂತ್ರ ಬರ್ತದೇನ್ರಿ ನಂದೊಂದು ಫೋಟೋ? ಬಾಗಲ ಬೆಳಕ ಅದ ನೋಡ್ರಿ, ನಿಮ್ಮ ಪುಸ್ತಕದಾಗಿನವ್ರಂಗ."

ನಾನು ಎಣಿಕೆ ತಪ್ಪಿತೆಂಬ ಸಿಡುಕಿನಲ್ಲಿ, ತಲೆ ಎತ್ತದೆ ಅಂದುಬಿಟ್ಟೆ: "ನಿನ್ನ ಮುಖದಾಗ ಏನದ ಅಂತ ಫೋಟೋ ತಗೀಬೇಕು?"

ಆಕೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಮೊದಲಿನಿಂದ ಹಾಳೆ ಎಣಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಯಮ ಮುರಿದ ಮೊದಲ ಸಲ ಅದು. ನೋಡದೆ ಮಾತಾಡಿದ್ದೆ.

ಅದಾದ ಕೆಲವು ತಿಂಗಳಿಗೆ ನನಗೆ ಕಲಬುರಗಿಗೆ ವರ್ಗವಾಯಿತು. ಆಯಿ, ಅಂದರೆ ನನ್ನ ತಾಯಿ, ಇದ್ದ ಮನೆಗೆ ಸಾಮಾನು ತಂದೆವು. ಟ್ರಂಕು ಒಡೆದಿತ್ತು. ಪುಸ್ತಕಗಳನ್ನು ಗೋಣಿಯಲ್ಲಿ ಕಟ್ಟಿ ತಂದು ಪಡಸಾಲೆಯಲ್ಲಿ ಇಳಿಸಿ ನಾನು ಟೆಂಪೋದವನ ಜೊತೆ ಹೊರಗೆ ನಿಂತಿದ್ದೆ. ಒಳಗೆ ಬರುವಷ್ಟರಲ್ಲಿ ಆಯಿ ಗೋಣಿ ಬಿಚ್ಚಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಂಥ ವೈಷ್ಣವರ ಮನೆಗಳಲ್ಲಿ ಮರಾಠಿ, ಕನ್ನಡ ಎರಡೂ ಕಲಸಿಹೋಗಿವೆ. ಓದುವುದಕ್ಕೆ ಪುಸ್ತಕ ಅನ್ನುತ್ತೇವೆ. ಅರಿವೆಯಲ್ಲಿ ಸುತ್ತಿ, ಗಂಟು ಹಾಕಿ, ದೇವರ ಕೋಣೆಯಲ್ಲಿ ಇಡುವ ಪುರಾಣಕ್ಕೆ ಪೋಥಿ ಅನ್ನುತ್ತೇವೆ. ಪೋಥಿಯನ್ನು ಎಲ್ಲರೂ ಮುಟ್ಟುವಂತಿಲ್ಲ, ಸ್ನಾನ ಮಾಡಿ ಮಡಿಯುಟ್ಟ ಗಂಡಸು ಮಾತ್ರ ಬಿಚ್ಚಬೇಕು. ಆಯಿಯ ಕಣ್ಣಿಗೆ ಬಿದ್ದದ್ದು ಇಳಕಲ್ ಅರಿವೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ, ಎತ್ತಲಾಗದಷ್ಟು ಭಾರದ ಗಂಟುಗಳು. ಸೊಸೆಯೋ ಪುರಾಣಿಕರ ಮಗಳು. ಇನ್ನೇನು ಬೇಕು?

"ಏನ್ ಹುಡುಗಿ, ಇಷ್ಟು ದಿನ ಒಂದ ಮಾತು ಹೇಳಿಲ್ಲಲ್ಲ? ತವರುಮನಿ ಪೋಥಿ ತಂದೀದಿ, ಗೋಣ್ಯಾಗ ಹಾಕಿ ಕಟ್ಟೀರಿ! ಅಪಚಾರ, ಅಪಚಾರ!" ಎಂದು ಆಯಿ ಕೆನ್ನೆ ಕೆನ್ನೆ ಬಡಿದುಕೊಂಡಳು. ನನ್ನ ಕಡೆ ತಿರುಗಿ, "ಹಳೇವೇನೋ?" ಎಂದಳು.

"ಹೂಂ ಆಯಿ. ಭಾಳ ಹಳೇವು" ಎಂದೆ. ಅಷ್ಟೇ ನಾನು ಹೇಳಿದ ಸುಳ್ಳು. ಅದು ಸುಳ್ಳೂ ಅಲ್ಲ. ಬಾಗಿಲ ಹಿಂದೆ ಹೆಂಡತಿ ಸೆರಗು ಕಚ್ಚಿ ನಗು ತಡೆಯುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡವಾದ ಐದು ಗಂಟುಗಳನ್ನು ಆಯಿ ದೇವರ ಕೋಣೆಯ ಹಲಗೆಗೆ ಏರಿಸಿದಳು. ನೀಲಿ ಅಂಚಿನದು ಎಲ್ಲಕ್ಕೂ ಮೇಲೆ. ಉಳಿದವನ್ನು ನಾನು ಹೇಗೋ ಅಟ್ಟಕ್ಕೆ ಸಾಗಿಸಿದೆ. ಅವತ್ತಿನಿಂದ ಆಯಿ ದಿನಾ ಬೆಳಿಗ್ಗೆ ಆ ಗಂಟುಗಳಿಗೆ ತೀರ್ಥ ಪ್ರೋಕ್ಷಿಸಿ, ಹಸಿ ತುಳಸಿ ಏರಿಸಿ, ಕೈಮುಗಿಯುತ್ತಿದ್ದಳು. ನವರಾತ್ರಿಯ ಸರಸ್ವತಿ ಪೂಜೆಗೆ ಅವಕ್ಕೇ ಅಗ್ರಸ್ಥಾನ. ಹೆಂಡತಿ ನನ್ನ ಕಿವಿಯಲ್ಲಿ, "ನೋಡ್ರಿ, ಹಾಳ್ಯಾಗ ಬತ್ತಲ ಕೂತವ್ರಿಗಿ ಈಗ ಹೋಳಗಿ ನೈವೇದ್ಯ" ಎಂದಳು. ನಾವಿಬ್ಬರೂ ಹಿತ್ತಲಿಗೆ ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಕೆಯೊಡನೆ ಹಾಗೆ ನಕ್ಕದ್ದು ಅದೇ ಕೊನೆಯೇನೋ.

ಎಷ್ಟೋ ಸಲ ಅಂದುಕೊಂಡೆ, ಆಯಿ ನೆಂಟರ ಮನೆಗೆ ಹೋದಾಗ ಪುಸ್ತಕ ತೆಗೆದು ಬೇರೆ ಏನಾದರೂ ಸುತ್ತಿಡೋಣ ಎಂದು. ಆಗಲಿಲ್ಲ. ಹೇಡಿತನ, ಸೋಮಾರಿತನ, ನಾಳೆ ನೋಡೋಣ ಎನ್ನುವ ಚಟ. ಇಷ್ಟಕ್ಕೂ ಹೊಸ ಪುಸ್ತಕಗಳು ಬರುತ್ತಿದ್ದವು, ಹಳೆಯ ಐದರ ಅಗತ್ಯ ಬೀಳಲಿಲ್ಲ. ಹೆಂಡತಿ ಮಾತ್ರ ಆಗಾಗ ಕೇಳುತ್ತಿದ್ದಳು:

"ಆ ಮುದುಕಿ ಪುಸ್ತಕ ಮತ್ತ ನೋಡಿದ್ರೇನು?"

"ದೇವರ ಕೋಣ್ಯಾಗ ಅದಲ್ಲ. ಮಡಿ ಉಟ್ಟು ಹೋಗಿ ತರ್ಲೇನು?"

"ತರ್ರಿ. ಏನಾಗ್ತದ?"

"ನೀನ ತಂದುಕೊಡು."

"ನಾ ಕೊಟ್ರ ಏನ್ ಬಂತು? ನೀವ ತಗೀಬೇಕು" ಎಂದು ಒಳಗೆ ಹೋಗುತ್ತಿದ್ದಳು. ಯಾಕೆ ಹೀಗೆ ಕೇಳುತ್ತಾಳೆ ಎಂದು ನಾನು ಒಂದು ಗಳಿಗೆ ನಿಂತು ಯೋಚಿಸಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಕೆಗೆ ಜ್ವರ ಬಂತು. ಮೊದಲು ಸಾದಾ ಜ್ವರ ಅಂದರು, ಆಮೇಲೆ ಮಿದುಳಿಗೆ ಏರಿದೆ ಅಂದರು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಏಳನೆಯ ದಿನ ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ನೋಡಿ, "ಆ ಮುದುಕಿಗಿ ಇನ್ನೂ ಚಳಿ ಅದನೋ ಏನೋ. ಒಮ್ಮೆ ನೋಡ್ರಿ" ಎಂದಳು. ಜ್ವರದಲ್ಲಿ ಬಡಬಡಿಸುತ್ತಾಳೆ ಎಂದುಕೊಂಡು ನಾನು ಕಂಬಳಿಯನ್ನು ಆಕೆಯ ಗದ್ದದವರೆಗೆ ಎಳೆದೆ. ಆಕೆ ಆಮೇಲೆ ಮಾತಾಡಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಆಯಿಗೆ ಮಗಳೆಂದರೂ ಆಕೆಯೇ, ಸೊಸೆಯೆಂದರೂ ಆಕೆಯೇ. ಹದಿಮೂರನೆಯ ದಿನ ಕಳೆದ ಮೇಲೆ ಆಯಿ, "ತಮ್ಮಾ, ಗೋಡಿಗಿ ಆಕಿದೊಂದು ಫೋಟೋ ಹಚ್ಚೋ. ಮುಖಾ ನೋಡಬೇಕಂತ ಅನಸ್ತದ" ಎಂದಳು. ಮನೆಯೆಲ್ಲ ಹುಡುಕಿದೆ. ಮತದಾರರ ಚೀಟಿಯಲ್ಲಿ ಮುಖ ಇರಬೇಕಾದಲ್ಲಿ ಒಂದು ಕಪ್ಪು ಮಚ್ಚೆ. ಉಳಿದದ್ದು ಮದುವೆಯ ಫೋಟೋ ಒಂದೇ. ಅದನ್ನು ಒಯ್ದು ಕಲಬುರಗಿಯ ಒಬ್ಬ ಪೇಂಟರಿಗೆ ಕೊಟ್ಟೆ. ಸತ್ತವರ ಫೋಟೋ ದೊಡ್ಡದು ಮಾಡಿ, ಬೇಡದ್ದು ಅಳಿಸಿ, ಇಲ್ಲದ್ದು ಬರೆಯುವುದು ಅವರ ಕಸುಬು. "ಕಣ್ಣು ಕೆಳಗ ಅದಾವಲ್ರೀ ಸರ್, ತೆರದು ಬರೀತೀನಿ. ಹೆಂಗ ಇದ್ದವು ಹೇಳ್ರಿ" ಎಂದರು.

ಹೆಂಗ ಇದ್ದವು? ಕಮ್ಮಾರನ ಹಣೆಯ ಗೆರೆ ಹೇಳಬಲ್ಲವನಿಗೆ ಹದಿನಾಲ್ಕು ವರ್ಷ ಜೊತೆಗಿದ್ದವಳ ಕಣ್ಣು ಹೇಳಲು ಬರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಪೇಂಟರು ಪಾಪ, ನೀರು ತಂದುಕೊಟ್ಟು, "ಇರ್ಲಿ ಬಿಡ್ರಿ, ನಾ ಚಂದ ಮಾಡಿ ಬರೀತೀನಿ" ಎಂದರು. ಬರೆದರು. ಬಣ್ಣವನ್ನೂ ಎರಡು ಮೆಟ್ಟಿಲು ಬೆಳ್ಳಗೆ ಮಾಡಿದರು. ಆಯಿ ನೋಡಿ, "ಇದ್ಯಾರೋ?" ಎಂದಳು. ಆಮೇಲೆ ತಾನೇ ಹಾರ ತಂದು ಹಾಕಿದಳು.

ನಾನು ಪುಸ್ತಕ ಕೊಳ್ಳುವುದನ್ನು ಬಿಟ್ಟೆ. ರದ್ದಿ ಸಾಹೇಬರು ಹೇಳಿ ಕಳಿಸಿದರೂ ಹೋಗಲಿಲ್ಲ. ಮತ್ತೊಬ್ಬರ ಮುಖ ನೋಡಿದರೆ ಮೈ ಉರಿಯುತ್ತಿತ್ತು. ಅಟ್ಟದ ಮೇಲಿನವು ಅಟ್ಟದ ಮೇಲೆ, ದೇವರ ಕೋಣೆಯವು ದೇವರ ಕೋಣೆಯಲ್ಲಿ. ಆಯಿಯ ತೀರ್ಥ, ತುಳಸಿ ಒಂದು ದಿನವೂ ತಪ್ಪಲಿಲ್ಲ. ಸೊಸೆಯ ತವರಿನ ಪೋಥಿ ಎಂದು ಈಗ ಅವುಗಳ ಮೇಲೆ ಮಮತೆ ಹೆಚ್ಚಾಗಿತ್ತು. ಒಂದು ಉದ್ಧರಣೆ ತೀರ್ಥ ಹಾಕುವಲ್ಲಿ ಮೂರು ಹಾಕುತ್ತಿದ್ದಳು.

ಐದಾರು ವರ್ಷಕ್ಕೆ ಆಯಿಯೂ ಹೋದಳು. ಅವಳ ಕರ್ಮ ಮುಗಿದ ಮೇಲೆ ಕಾಕಾ, ನನ್ನ ಅಪ್ಪನ ತಮ್ಮ, ದೇವರ ಕೋಣೆ ಖಾಲಿ ಮಾಡಲು ನಿಂತರು. "ಈ ಪೋಥಿ ಓದಾವ್ರ ಯಾರು ಅದಾರೋ ಈಗ? ರದ್ದಿಗಂತೂ ಹಾಕಬಾರದು. ಹೊಳಿಗಿ ಬಿಟ್ಟು ಬರೋಣು" ಎಂದರು. ಜೀರ್ಣವಾದ ಪೋಥಿಯನ್ನು ಹರಿಯುವ ನೀರಿಗೆ ಬಿಡುವುದು ನಮ್ಮ ಪದ್ಧತಿ. ನಾನು, "ಇರ್ಲಿ ಕಾಕಾ, ನಾ ಒಮ್ಮೆ ನೋಡಿ ಕೊಡ್ತೀನಿ" ಎಂದೆ. ಅವರು ಊಟಕ್ಕೆ ಎದ್ದಾಗ ಬಾಗಿಲು ಮುಂದೆ ಮಾಡಿ ಗಂಟು ಬಿಚ್ಚಿದೆ.

ಹನ್ನೆರಡು ವರ್ಷದ ತೀರ್ಥ. ಹಾಳೆಗಳು ಉಬ್ಬಿ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಆರ್ಟ್ ಪೇಪರಿನ ಮೇಲೆ ಸುಣ್ಣದಂಥದೊಂದು ಲೇಪ ಇರುತ್ತದೆ, ನೀರು ತಾಕಿದರೆ ಅಂಟಾಗುತ್ತದೆ. ನಾಲ್ಕು ಪುಸ್ತಕ ತೆರೆಯಲೇ ಇಲ್ಲ. ನೀಲಿ ಅಂಚಿನದು ಮಾತ್ರ ನಡುವೆ ಒಂದು ಕಡೆ ಬಾಯಿ ಬಿಟ್ಟಿತು, ಒಳಗೆ ಏನೋ ದಪ್ಪನೆಯದು ಇದ್ದದ್ದರಿಂದ. ಅದು ಮುದುಕಿಯ ಹಾಳೆ. ಮುದುಕಿಯ ಮೇಲೆ, ಆಕೆಯನ್ನು ಮುಚ್ಚುವಂತೆ, ಒಂದು ಫೋಟೋ ಬೋರಲಾಗಿ ಮಲಗಿತ್ತು. ಕಂಡದ್ದು ಬಿಳಿಯ ಬೆನ್ನು. ಮೂಲೆಯಲ್ಲಿ ಕಮಲಾಪುರದ ಆ ಸ್ಟುಡಿಯೋದ ರಬ್ಬರ್ ಸ್ಟ್ಯಾಂಪು. ನಡುವೆ ನನ್ನದೇ ಪೆನ್ನಿನ ನೀಲಿ ಶಾಯಿಯಲ್ಲಿ, ನನ್ನ ಹೆಂಡತಿಯ ಗುಂಡು ಅಕ್ಷರ:

"ಕಂಡ ದಿನ ಹೇಳ್ರಿ, ಹೆಂಗ ಬಂದದ ಅಂತ."

ಉಗುರಿನಿಂದ ಅಂಚು ಎತ್ತಲು ನೋಡಿದೆ. ಚರ್ ಎಂದಿತು. ಕೂದಲಿನಷ್ಟು ಒಂದು ಕಪ್ಪು ಪದರ ಮುದುಕಿಯ ಹೆಗಲ ಮೇಲೆ ಉಳಿಯಿತು. ಕೈ ತೆಗೆದೆ. ಆ ಪದರ ಆಕೆಯ ಕೂದಲೋ, ಸೀರೆಯೋ, ಹಿಂದಿನ ಪರದೆಯೋ ನನಗೆ ಗೊತ್ತಿಲ್ಲ. ಕಾಕಾ ಹೊರಗಿನಿಂದ, "ಏನೋ, ಓದಲಾಕ ಕೂತೇನು?" ಎಂದು ಕರೆದರು. ಉಳಿದ ನಾಲ್ಕನ್ನು ಕೊಟ್ಟೆ. ಅವು ಪೋಥಿಯ ಮರ್ಯಾದೆಯಿಂದ ನೀರಿಗೆ ಹೋದವು.

ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ. ಸ್ಟುಡಿಯೋ ಈಗ ಜೆರಾಕ್ಸ್ ಅಂಗಡಿಯಾಗಿತ್ತು. ಆದರೆ ಮಾಲೀಕರು ಅವರೇ. ಕೂದಲು ಬೆಳ್ಳಗಾಗಿತ್ತು. ನಾನು ಹೇಳಿದ ಕೂಡಲೇ ನೆನಪು ಮಾಡಿಕೊಂಡರು.

"ಮರೆಯೋದು ಹೆಂಗ್ರಿ ಮಾಸ್ತರ? ಬಂದವ್ರೆಲ್ಲಾ ಬೆಳ್ಳಗ ಮಾಡ್ರಿ ಅಂತಾರ. ನಿಮ್ಮ ಮನ್ಯಾಗಿನ ವೈನೀರು ಒಬ್ರ ಬ್ಯಾಡ ಅಂದವ್ರು. ಲೈಟ ಆರಿಸ್ರಿ, ಬಾಗಲ ತೆರೀರಿ, ಬಾಗಲ ಬೆಳಕಿನ್ಯಾಗ ತೆಗೀರಿ ಅಂದ್ರು. ಪೌಡರ್ ಬ್ಯಾಡ, ಟಚಿಂಗ್ ಬ್ಯಾಡ, ಇದ್ದಂಗ ಬರ್ಲಿ, ನಮ್ಮನಿಯವ್ರಿಗಿ ಸುಣ್ಣ ಬಳದ ಮುಖ ಸೇರಂಗಿಲ್ಲ ಅಂದ್ರು."

"ನೆಗೆಟಿವ್ ಅದ ಏನ್ರಿ?" ಎಂದೆ.

"ಎಲ್ಲೀದ್ರಿ? ಹಳೇ ಫಿಲ್ಮಿನ್ಯಾಗಿನ ಬೆಳ್ಳಿ ತಗಿಯೋರು ಬಂದು ಕಿಲೋದ ಲೆಕ್ಕದಾಗ ಒಯ್ದ್ರು."

"ಫೋಟೋ ಹೆಂಗ ಬಂದಿತ್ತು?"

ಅವರು ಬಹಳ ಹೊತ್ತು ಜೆರಾಕ್ಸ್ ಯಂತ್ರದ ಗಾಜು ಒರೆಸಿದರು. "ಸುಳ್ಳ ಯಾಕ ಹೇಳ್ಲಿ ಮಾಸ್ತರ? ಮುಖ ನೆನಪಿಲ್ಲ. ಬೆಳಕ ನೆನಪದ" ಎಂದರು.

ಹೈದರಾಬಾದಿನಲ್ಲಿ ಹಳೆಯ ಕಾಗದಪತ್ರ ದುರಸ್ತಿ ಮಾಡುವವರೊಬ್ಬರಿಗೆ ಪುಸ್ತಕ ತೋರಿಸಿದೆ. ಆಕೆಗೆ ತೋರಿಸುತ್ತೇನೆ ಎಂದಿದ್ದ ಹೈದರಾಬಾದಿಗೆ ಕೊನೆಗೆ ಆಕೆಯನ್ನು ಹೀಗೆ ಕರೆದೊಯ್ದೆ. ಅವರು ಭೂತಗನ್ನಡಿ ಹಿಡಿದು ನೋಡಿ, ನೀರಿನಲ್ಲಿ ನೆನೆಯಿಟ್ಟರೆ ಬಿಟ್ಟರೂ ಬಿಡಬಹುದು, ಮುಖ ಉಳಿದರೂ ಉಳಿಯಬಹುದು, ಇಲ್ಲದಿದ್ದರೆ ಎರಡೂ ಹೋಗಬಹುದು ಎಂದರು. ಹಿಂದಿನ ಶಾಯಿಯಂತೂ ಖಂಡಿತ ತೊಳೆದುಹೋಗುತ್ತದೆ. "ಹೇಳಿ, ಮಾಡಲೇ?" ಎಂದು ಕೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದನ್ನೇ. ನಾನು ಪುಸ್ತಕ ಮುಚ್ಚಿ, ಅರಿವೆ ಸುತ್ತಿ, ವಾಪಸು ಬಂದೆ. ನೀರು ಇದಕ್ಕೆ ಮಾಡಿದ್ದು ಸಾಕು ಅನಿಸಿತು.

ಮನೆಗೆ ಬಂದು ಮುಂಬಾಗಿಲು ತೆರೆದೆ. ಸಂಜೆಯ ಬೆಳಕು ಹೊಸ್ತಿಲು ದಾಟಿ ಒಳಗೆ ಬಿದ್ದಿತ್ತು. ಅಲ್ಲಿಯೇ ನೆಲದ ಮೇಲೆ ಕೂತು ನೀಲಿ ಅಂಚಿನ ಗಂಟು ಬಿಚ್ಚಿ, ಆ ಬಿಳಿಯ ಬೆನ್ನನ್ನೂ ಆ ಒಂದು ಸಾಲನ್ನೂ ನೋಡುತ್ತಾ ಕೂತೆ. ಗೋಡೆಯ ಮೇಲಿಂದ ಪೇಂಟರ ಕಣ್ಣುಗಳು ಎತ್ತಲೋ ನೋಡುತ್ತಿದ್ದವು. ಆಕೆ ಕೇಳಿದ್ದಕ್ಕೆ ಉತ್ತರ ಕೊಡದೆ ಹನ್ನೆರಡು ವರ್ಷ ದಾಟಿತ್ತು. ಇನ್ನೂ ಕಾಯಿಸುವುದು ಸರಿಯಲ್ಲ.

"ಚಲೋ ಬಂದದ" ಎಂದೆ. ಖಾಲಿ ಮನೆಯಲ್ಲಿ, ಕೇಳುವಷ್ಟು ಗಟ್ಟಿಯಾಗಿ. "ಭಾಳ ಚಲೋ ಬಂದದ."

ಅವತ್ತು ಹೊಸ್ತಿಲ ಬಳಿ ಆಡಿದ ಮಾತನ್ನೂ ನೋಡದೆ ಆಡಿದ್ದೆ. ಇದನ್ನೂ ನೋಡದೆಯೇ ಹೇಳಿದೆ.